ಹಗಲು ಹೋಟೆಲು, ರಾತ್ರಿ ಶಾಲೆ: ಮುಂಬಯಿಯಲ್ಲಿ ನೆಲೆಯೂರಿದ ಕರಾವಳಿ

ಮುಂಬಯಿಯ ಹೆಸರು 1995ರಲ್ಲಿ ಅಧಿಕೃತವಾಗಿ ಬದಲಾಯಿತು. ಆದರೆ ಕರ್ನಾಟಕದ ಕರಾವಳಿಯ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಬೊಂಬಾಯಿ’ಯೇ. ಉಡುಪಿ, ಕಾರ್ಕಳ, ಕುಂದಾಪುರ, ಮಂಗಳೂರು ಸೀಮೆಯಲ್ಲಿ ಬೊಂಬಾಯಿಗೆ ಹೋದವರಿಲ್ಲದ ಕುಟುಂಬ ಒಂದು ಕಾಲಕ್ಕೆ ಅಪರೂಪವಾಗಿತ್ತು. ಸುಮಾರು 900 ಕಿಲೋಮೀಟರ್ ದೂರದ, ಭಾಷೆ ತಿಳಿಯದ ಮಹಾನಗರಕ್ಕೆ ಕೈಯಲ್ಲಿ ಕಾಸಿಲ್ಲದ, ಹೆಚ್ಚು ಓದಿರದ ಹುಡುಗರು ಹೋಗಿ ಅಲ್ಲಿ ಬೇರು ಬಿಟ್ಟದ್ದು ಹೇಗೆ? ಇದಕ್ಕೆ ಅವರ ಸಾಹಸವೊಂದೇ ಉತ್ತರವಲ್ಲ. ಹೋದವರನ್ನು ಹಿಡಿದು ನಿಲ್ಲಿಸಿದ ಒಂದು ವ್ಯವಸ್ಥೆಯನ್ನು ಅವರು ತಾವೇ ಕಟ್ಟಿಕೊಂಡಿದ್ದರು. ಹೋಟೆಲು, ಖೋಲಿ, ಸಂಘ ಮತ್ತು ರಾತ್ರಿ ಶಾಲೆ ಆ ವ್ಯವಸ್ಥೆಯ ನಾಲ್ಕು ಕಂಬಗಳು.

ಕಡಲ ದಾರಿ

ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಜಿಲ್ಲೆಯವರಿಗೆ ಮುಂಬಯಿಯೇ ರಾಜಧಾನಿ. ಆದರೆ ದಕ್ಷಿಣ ಕನ್ನಡ ಇದ್ದದ್ದು ಮದರಾಸು ಪ್ರಾಂತದಲ್ಲಿ. 1907ರಲ್ಲಿ ಮಂಗಳೂರಿಗೆ ಬಂದ ರೈಲು ಕೂಡ ಕೇರಳದ ಕಡೆಯಿಂದ ಬಂದಿತ್ತು. ಉತ್ತರಕ್ಕೆ ಹಳಿಯೇ ಇರಲಿಲ್ಲ. ಹಾಗಿದ್ದೂ ಈ ಜನ ಮುಂಬಯಿಯತ್ತ ಮುಖ ಮಾಡಿದ್ದಕ್ಕೆ ಕಡಲು ಕಾರಣ. ಮಂಗಳೂರಿನ ಹಂಚು ಹಾಯಿಹಡಗು, ಉಗಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಸರಕು ಹೋದ ದಾರಿಯಲ್ಲೇ ಜನರೂ ಹೋದರು. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಘಟ್ಟ ಹತ್ತಿ, ರೈಲು ಹಿಡಿದು, ಪುಣೆಯ ಮೂಲಕ ಸುತ್ತಿಕೊಂಡು ಹೋಗಬೇಕಿತ್ತು.

ಹೋಗಲು ಕಾರಣಗಳು ಊರಿನಲ್ಲೇ ಇದ್ದವು. ಗೇಣಿಯ ಗದ್ದೆಯಲ್ಲಿ ಬೆಳೆದ ಅಕ್ಕಿಯಲ್ಲಿ ಒಡೆಯನ ಪಾಲು ಕಳೆದರೆ ಉಳಿಯುವುದು ಕಡಿಮೆ. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು. ಮಳೆಗಾಲದ ತಿಂಗಳುಗಳಲ್ಲಿ ಮೀನುಗಾರನಿಗೆ ಕೆಲಸವಿಲ್ಲ. ಅತ್ತ ಮುಂಬಯಿಯಲ್ಲಿ 1854ರಲ್ಲಿ ಮೊದಲ ಬಟ್ಟೆ ಗಿರಣಿ ಸ್ಥಾಪನೆಯಾದಂದಿನಿಂದ ಕಾರ್ಖಾನೆ, ಬಂದರು, ಕಚೇರಿಗಳು ಬೆಳೆಯುತ್ತಲೇ ಹೋದವು. ಅಲ್ಲಿ ದುಡಿಯುವ ಸಾವಿರಾರು ಒಂಟಿ ಗಂಡಸರಿಗೆ ಅಗ್ಗದ ಊಟ ಬೇಕಿತ್ತು. ಕರಾವಳಿಯ ಹುಡುಗರಿಗೆ ನಗರ ತೆರೆದ ಬಾಗಿಲು ಇದೇ.

ಹೋಟೆಲು ಎಂಬ ಮೊದಲ ಮನೆ

ಉಡುಪಿಯ ಕೃಷ್ಣಮಠ, ಅಷ್ಟಮಠಗಳ ಸುತ್ತ ಬೆಳೆದ ಅಡುಗೆಯ ಕೌಶಲವನ್ನು ಮೊದಲಿಗೆ ಬ್ರಾಹ್ಮಣ ಕುಟುಂಬಗಳು ದೊಡ್ಡ ನಗರಗಳಿಗೆ ಒಯ್ದವು. ಮುಂದೆ ಬಂಟರೂ ಇತರ ಸಮುದಾಯದವರೂ ಈ ಉದ್ಯಮಕ್ಕೆ ಬಂದರು. ಮಾಟುಂಗಾ ರೈಲು ನಿಲ್ದಾಣದ ಬಳಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕ್ ಬಾಲ್ಯದಲ್ಲೇ ಊರು ಬಿಟ್ಟು ಬಂದು ಪಾತ್ರೆ ತೊಳೆಯುವ ಕೆಲಸದಿಂದ ಮೇಲೆ ಬಂದವರು. ಅವರದು ಪ್ರಸಿದ್ಧ ಹೆಸರು. ಅದೇ ದಾರಿಯಲ್ಲಿ ನಡೆದು ಹೆಸರಾಗದೆ ಉಳಿದವರು ಅಸಂಖ್ಯ.

ಈ ದಾರಿಗೆ ಅದರದೇ ಮೆಟ್ಟಿಲುಗಳಿದ್ದವು. ಊರಿನಿಂದ ಬಂದ ಹುಡುಗನಿಗೆ ಮೊದಲು ಸಿಗುವುದು ಗ್ಲಾಸು, ತಟ್ಟೆ ತೊಳೆಯುವ ಕೆಲಸ. ಆಮೇಲೆ ಮೇಜು ಒರೆಸುವುದು, ನಂತರ ತಿಂಡಿ ಸಪ್ಲೈ ಮಾಡುವುದು. ನಂಬಿಕೆ ಗಳಿಸಿದವನು ಗಲ್ಲಾದ ಮೇಲೆ ಕೂರುತ್ತಿದ್ದ. ಕೊನೆಗೆ ಕೆಲವರು ಪಾಲುದಾರರಾಗಿ ಸ್ವಂತ ಹೋಟೆಲು ತೆರೆಯುತ್ತಿದ್ದರು. ಅಲ್ಲಿ ಗ್ಲಾಸು ತೊಳೆಯಲು ಮತ್ತೆ ಊರಿನಿಂದಲೇ ಹುಡುಗರನ್ನು ಕರೆಸುತ್ತಿದ್ದರು. ಹೋಟೆಲು ಸಂಬಳದ ಜೊತೆಗೆ ಊಟವನ್ನೂ ಕೊಡುತ್ತಿತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗಬಹುದಾಗಿತ್ತು. ಬಾಡಿಗೆ ಆಕಾಶಕ್ಕೇರಿದ ನಗರದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೀಗೆ ಉಳಿಸಿದ ಹಣ ಮನಿಯಾರ್ಡರಾಗಿ ಊರು ತಲುಪುತ್ತಿತ್ತು.

ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಊರಿನ ಹುಡುಗನೆಂದರೆ ಮಾಲೀಕನಿಗೆ ವಿಶ್ವಾಸದ ಆಳು, ಜೊತೆಗೆ ಅಗ್ಗದ ಆಳು. ಬೆಳಗಿನ ಜಾವದಿಂದ ತಡರಾತ್ರಿಯವರೆಗೆ ದುಡಿಮೆ. ರಜೆಯೆಂದರೆ ಊರಿಗೆ ಹೋದಾಗ ಮಾತ್ರ. ಮಾಲೀಕ ನೆಂಟನೋ ಪರಿಚಿತನೋ ಆಗಿರುತ್ತಿದ್ದುದರಿಂದ ಸಂಬಳ ಕೇಳುವುದೂ ಸಂಕೋಚದ ವಿಷಯವೇ. ಇಂಥ ದುಡಿಮೆಗಾರರನ್ನು ಸಂಘಟಿಸಿದವರಲ್ಲಿಯೂ ಕರಾವಳಿಯವರಿದ್ದರು ಎಂಬುದು ಗಮನಾರ್ಹ. ಮಂಗಳೂರು ಮೂಲದ ಪಿ. ಡಿಮೆಲ್ಲೊ ಬಂದರು ಕಾರ್ಮಿಕರ ನಾಯಕರಾದರು. ಬಂದರಿನ ಪಕ್ಕದ ರಸ್ತೆಗೆ ಇಂದು ಅವರ ಹೆಸರಿದೆ. ಕ್ರೈಸ್ತ ಗುರುಮಠದ ಶಿಕ್ಷಣ ಬಿಟ್ಟು ಮುಂಬಯಿಗೆ ಬಂದು, ಚೌಪಾಟಿಯ ಬೆಂಚುಗಳ ಮೇಲೆ ಮಲಗಿದ ಮಂಗಳೂರಿನ ತರುಣ ಜಾರ್ಜ್ ಫರ್ನಾಂಡಿಸ್, ಡಿಮೆಲ್ಲೊ ಗರಡಿಯಲ್ಲಿ ಬೆಳೆದು ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು ಒಗ್ಗೂಡಿಸಿದರು. 1967ರ ಲೋಕಸಭಾ ಚುನಾವಣೆಯಲ್ಲಿ ಅವರು ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಪ್ರಬಲ ನಾಯಕನನ್ನು ಸೋಲಿಸಿದರು.

ಸಂಘ ಮತ್ತು ಶಾಲೆ

ಹೋಟೆಲು ಹೊಟ್ಟೆ ನೋಡಿಕೊಂಡರೆ ಉಳಿದುದನ್ನು ಸಂಘಗಳು ನೋಡಿಕೊಂಡವು. ಕಡಲ ಕಸುಬಿನ ಮೊಗವೀರರು 1902ರಲ್ಲೇ ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಸ್ಥಾಪಿಸಿದ್ದರು. 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್ ಹುಟ್ಟಿದವು. ಜಾತಿಯ ಎಲ್ಲೆ ಮೀರಿದ ಸಂಸ್ಥೆಗಳಾಗಿ 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಆರಂಭವಾದವು. ಕಾಯಿಲೆ ಬಿದ್ದವನಿಗೆ ನೆರವು, ಸತ್ತವನ ಅಂತ್ಯಕ್ರಿಯೆ, ಕೆಲಸ ಕಳೆದುಕೊಂಡವನಿಗೆ ಇನ್ನೊಂದು ದಾರಿ, ಹೆಣ್ಣು–ಗಂಡಿನ ಸಂಬಂಧ ಎಲ್ಲಕ್ಕೂ ಸಂಘವೇ ಆಸರೆ. ಬಿಲ್ಲವರ ಸಂಘದ ಪ್ರಯತ್ನದಿಂದ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕ್ ಕೂಡ ಸ್ಥಾಪನೆಯಾಯಿತು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳಿಗೆ ತಿರುಗಾಟವಿಲ್ಲ. ಆ ಬಿಡುವಿನಲ್ಲಿ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಗೆಜ್ಜೆ ಕಟ್ಟುವ ಪರಂಪರೆ ಬೆಳೆಯಿತು.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ರಾತ್ರಿ ಶಾಲೆ. ಹಗಲೆಲ್ಲ ದುಡಿದ ಹುಡುಗರು ಸಂಜೆ ಕೈ ತೊಳೆದು ಕನ್ನಡ ಮಾಧ್ಯಮದ ರಾತ್ರಿ ಪ್ರೌಢಶಾಲೆಗಳಿಗೆ ಹೋದರು. ಮ್ಯಾಟ್ರಿಕ್ ಪಾಸಾದವನಿಗೆ ಗುಮಾಸ್ತಗಿರಿ ಸಿಕ್ಕಿತು. ಅಲ್ಲಿಗೇ ನಿಲ್ಲದವರು ಪದವಿ ಪಡೆದು ವಕೀಲರೂ ಅಧ್ಯಾಪಕರೂ ಬ್ಯಾಂಕ್ ಅಧಿಕಾರಿಗಳೂ ಆದರು. ಸಂಜೆಯ ಎರಡು ಮೂರು ಗಂಟೆ ಬಿಡುವು ಕೊಡುವ ಮಾಲೀಕ ಸಿಕ್ಕಿದನೇ ಇಲ್ಲವೇ ಎಂಬುದು ಒಬ್ಬ ಹುಡುಗನ ಇಡೀ ಬದುಕನ್ನು ನಿರ್ಧರಿಸುತ್ತಿತ್ತು.

ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ. ಈ ಆಸರೆ ಬಹುಮಟ್ಟಿಗೆ ಊರು, ನೆಂಟಸ್ತಿಕೆ, ಜಾತಿಗಳ ಎಳೆ ಹಿಡಿದೇ ಸಾಗಿತ್ತು. ಕರೆಸಿಕೊಳ್ಳುವವರಿಲ್ಲದ ಜಾತಿಯವರಿಗೆ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ. ಹೆಣ್ಣುಮಕ್ಕಳು ಬಂದದ್ದು ಗಂಡಸರು ನೆಲೆಯಾದ ಬಹಳ ಕಾಲದ ಮೇಲೆ.

ಹೊರಗಿನವರು ಯಾರು?

ನಗರವೂ ಎಲ್ಲ ಕಾಲದಲ್ಲಿ ಒಲಿದಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣ ಭಾರತೀಯರಾಗಿದ್ದರು. 1969ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ–ಮೈಸೂರು ಗಡಿ ವಿವಾದದ ಹೆಸರಲ್ಲಿ ಗಲಭೆಯೆದ್ದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಒಡೆದ ಗಾಜನ್ನು ಗುಡಿಸಿ ಮತ್ತೆ ಬಾಗಿಲು ತೆರೆದವರು ಮರಾಠಿ ಕಲಿತರು, ಗಣೇಶೋತ್ಸವಕ್ಕೆ ವಂತಿಗೆ ಕೊಟ್ಟರು, ಮೆನುವಿನಲ್ಲಿ ದೋಸೆಯ ಪಕ್ಕ ಪಾವ್ ಭಾಜಿಗೂ ಜಾಗ ಮಾಡಿದರು. ಈ ಒಳಹೊರಗಿನ ತಳಮಳವನ್ನು ಕನ್ನಡ ಸಾಹಿತ್ಯವೂ ದಾಖಲಿಸಿತು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಮುಂಬಯಿಯನ್ನು ಕನ್ನಡದ ನಗರವನ್ನಾಗಿಸಿದರು.

ಮುಂದೆ ಕಾಲ ಬದಲಾಯಿತು. ಉಡುಪಿಯ ಎಂ.ಜಿ.ಎಂ. ಕಾಲೇಜು (1949), ಮಣಿಪಾಲದ ವೈದ್ಯಕೀಯ ಕಾಲೇಜು (1953) ಮೊದಲಾದವುಗಳಿಂದ ವಿದ್ಯೆ ಮನೆಬಾಗಿಲಿಗೆ ಬಂತು. 1974ರಲ್ಲಿ ಜಾರಿಯಾದ ಭೂಸುಧಾರಣೆಯಿಂದ ಗೇಣಿದಾರ ಭೂಮಿಯ ಒಡೆಯನಾದ. ಗಲ್ಫ್ ದೇಶಗಳು, ಆಮೇಲೆ ಬೆಂಗಳೂರು ತರುಣರನ್ನು ಸೆಳೆದವು. ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮದ ಮಾರ್ಗ 1998ರಲ್ಲಿ ಪೂರ್ಣಗೊಂಡಿತು. ಮುಂಬಯಿ ಒಂದು ರಾತ್ರಿಯ ಪ್ರಯಾಣವಾಯಿತು; ಆದರೆ ಗ್ಲಾಸು ತೊಳೆಯಲು ಹೋಗುವ ಹುಡುಗರು ಅಷ್ಟರಲ್ಲಿ ಕಡಿಮೆಯಾಗಿದ್ದರು. ರಾತ್ರಿ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಇದು ಬಡತನದ ಸೋಲು, ಸಂತೋಷದ ಸಂಗತಿಯೇ. ಆದರೆ ಅದರ ಜೊತೆಗೇ ಮೂರನೆಯ ತಲೆಮಾರಿನ ಹಲವು ಮನೆಗಳಲ್ಲಿ ಕನ್ನಡದ ಓದು ಬರಹವೂ ನಿಂತುಹೋಯಿತು.

ಇಂದು ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆಯುವವರು ಬಿಹಾರ, ಒಡಿಶಾ, ಅಸ್ಸಾಮುಗಳಿಂದಲೂ ಬರುತ್ತಾರೆ. ಅವರಲ್ಲೂ ಹಲವರು ಕೆಲಸದ ಜಾಗದಲ್ಲೇ ಮಲಗುತ್ತಾರೆ, ಊರಿಗೆ ಹಣ ಕಳಿಸುತ್ತಾರೆ. ಕೆಲವೊಮ್ಮೆ ಅವರೂ ‘ಹೊರಗಿನವರು’ ಎನಿಸಿಕೊಳ್ಳುತ್ತಾರೆ. ಸಂಜೆ ಕೆಲಸ ಮುಗಿಸಿ ಅವರು ಹೋಗಬಹುದಾದ ಒಂದು ಶಾಲೆ ಹತ್ತಿರದಲ್ಲಿದೆಯೇ, ಅಲ್ಲಿ ಅವರಿಗೆ ನಾಲ್ಕಕ್ಷರ ಕನ್ನಡ ಕಲಿಸುವವರಿದ್ದಾರೆಯೇ ಎಂದು ಕೇಳಬೇಕಾದವರಲ್ಲಿ, ಬೊಂಬಾಯಿಗೆ ಹೋದವರ ಮಕ್ಕಳು ಮೊಮ್ಮಕ್ಕಳೇ ಮೊದಲಿಗರು.