ಚಿತ್ತ

‘ಚಿತ್’ ಎಂಬ ಸಂಸ್ಕೃತ ಧಾತುವಿಗೆ ಅರಿ, ಗಮನಿಸು ಎಂಬ ಅರ್ಥಗಳಿವೆ. ಅದರಿಂದ ಬಂದ ‘ಚಿತ್ತ’ ಯೋಗಶಾಸ್ತ್ರದಲ್ಲಿ ಮನಸ್ಸು. ಕನ್ನಡದಲ್ಲಿ ಅದು ಅರಮನೆಯನ್ನೂ ಹೊಕ್ಕಿತು: ದೊರೆ ಲಾಲಿಸಿದರೆ ‘ಚಿತ್ತೈಸಿದ’, ಅವನ ಇಷ್ಟವೇ ಅವನ ‘ಚಿತ್ತ’. ‘ತಮ್ಮ ಚಿತ್ತ, ನಮ್ಮ ಭಾಗ್ಯ’ ಎಂದು ನಾಟಕದ ಮಂತ್ರಿ ಕೈಮುಗಿಯುವುದು ಈ ಅರ್ಥದಲ್ಲೇ.

ಕನ್ನಡ ಬೈಬಲ್ಲಿನ ‘ದೇವರ ಚಿತ್ತ’ ಇದೇ ದಾರಿಯದು. ಗ್ರೀಕ್ ಮೂಲದ ‘ಥೆಲೆಮಾ’ಕ್ಕೆ, ಅಂದರೆ ಇಚ್ಛೆ, ಸಂಕಲ್ಪಕ್ಕೆ, ಕರ್ತನ ಪ್ರಾರ್ಥನೆಯಲ್ಲಿ ನಿಂತಿರುವುದು ಈ ಪದ. ಕ್ರೈಸ್ತ ಸಭೆಯ ಮಾತಿನಲ್ಲೂ ಅದು ಬಳಕೆಯಲ್ಲಿದೆ. ಮದುವೆ, ಕೆಲಸ, ಪರದೇಶ ಪ್ರಯಾಣ ಯಾವುದೇ ಇರಲಿ, ‘ದೇವರ ಚಿತ್ತವಾದರೆ’ ಎಂದು ಸೇರಿಸುತ್ತಾರೆ. ಇದರ ಬೇರು ಯಾಕೋಬನ ಪತ್ರದಲ್ಲಿದೆ (4:15).

ಹಣೆಬರಹ ಎಂಬಂತೆ ಇದನ್ನು ಬಳಸುವವರೂ ಇದ್ದಾರೆ. ನನಗದು ಸೋಮಾರಿತನವೆಂದೇ ತೋರುತ್ತದೆ. ಹಣೆಬರಹವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ಚಿತ್ತವನ್ನು ಹುಡುಕಬೇಕು. ರೋಮಾಪುರದವರಿಗೆ ಬರೆದ ಪತ್ರದಲ್ಲಿ (12:2) ಪೌಲನು ದೇವರ ಚಿತ್ತದ ಜೊತೆಗೆ ಬಳಸುವ ಕ್ರಿಯಾಪದ ‘ದೊಕಿಮಾಜೊ’, ಲೋಹವನ್ನು ಪರೀಕ್ಷಿಸುವುದಕ್ಕೂ ಸಲ್ಲುವ ಮಾತು. ಅದಕ್ಕೆ ಮೊದಲು ಮನಸ್ಸು ಹೊಸದಾಗಬೇಕು ಎನ್ನುತ್ತಾನೆ. ಹಾಗಾಗಿ ಬಂದ ಸಂಬಂಧವನ್ನೋ ಕೆಲಸವನ್ನೋ ಒಪ್ಪುವ ಮುನ್ನ ಪ್ರಾರ್ಥಿಸುವುದು, ವಾಕ್ಯ ಓದುವುದು, ಹಿರಿಯರನ್ನು ಕೇಳುವುದು ಎಲ್ಲವೂ ಈ ಒರೆಹಚ್ಚುವಿಕೆಯ ಭಾಗ. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ಸಾಲನ್ನೇ ಉತ್ತರವೆಂದುಕೊಳ್ಳುವುದು ಮಾತ್ರ ಶಕುನ ನೋಡಿದಂತೆ.

ಚಿತ್ತವನ್ನು ಹುಡುಕುವವರು ತಮ್ಮ ಬಯಕೆಯನ್ನು ಮುಚ್ಚಿಡಬೇಕಿಲ್ಲ. ಗೆತ್ಸೆಮನೆ ತೋಟದ ಪ್ರಾರ್ಥನೆಯಲ್ಲಿ ಯೇಸು ಕೂಡ ಮೊದಲು ತನ್ನ ಬಯಕೆಯನ್ನು ಬಾಯಿಬಿಟ್ಟೇ ಹೇಳಿದ. ತಂದೆಯ ಚಿತ್ತದ ಮಾತು ಬಂದದ್ದು ಆಮೇಲೆ.