ಬಾಗಿಲ ಮೇಲಿನ ಹೆಸರು

ಕೂರುವವರಿಲ್ಲ, ಕುರ್ಚಿಯೂ ಇಲ್ಲ, ಆದರೆ ವಿಳಾಸವಿದೆ. ಇಂಥ 'ವರ್ಚುವಲ್ ಆಫೀಸು' ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಕಂಪನಿಯ ಹೆಸರಿಗೆ ಬಂದ ಕಾಗದವನ್ನು ಅಲ್ಲಿನವರು ತೆಗೆದಿಟ್ಟು, ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಇದು ಇಂಟರ್ನೆಟ್ಟಿನ ಕೂಸು ಎನ್ನುವ ಮಾತು ಕೇಳುತ್ತಿರುತ್ತೇವೆ. ಹಳೆಯ ಕಂಪನಿ ಕಾಯ್ದೆಗಳನ್ನು ಓದುತ್ತಿರುವ ನನಗೆ ಹಾಗನ್ನಿಸುವುದಿಲ್ಲ.

ಲಂಡನ್ನಿನ ಮನೆಗಳಿಗೆ ನಂಬರು ಬರುವ ಮೊದಲೇ ಅಲ್ಲಿನ ವ್ಯಾಪಾರಿಗಳು ಕಾಫಿ ಹೌಸಿನ ಹೆಸರಿಗೆ ಪತ್ರ ತರಿಸಿಕೊಳ್ಳುತ್ತಿದ್ದರು. ಹೊರಡಲಿರುವ ಹಡಗಿನ ಕಪ್ತಾನರು ಅಲ್ಲೇ ಚೀಲ ತೂಗುಹಾಕಿ ಕಾಗದ ಕೂಡಿಸುತ್ತಿದ್ದರು. ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಹೌಸಿನಲ್ಲಿ ಕಲೆಯುತ್ತಿದ್ದ ಹಡಗು ವಿಮೆಯವರ ಗುಂಪೇ ಮುಂದೆ 'ಲಾಯ್ಡ್ಸ್' ಆದದ್ದು. ಸಾಹಿತ್ಯದವರಿಗೆ ಇನ್ನೊಂದು ಸಂಗತಿ: ಜೊನಾಥನ್ ಸ್ವಿಫ್ಟ್ 1710ರ ಸುಮಾರಿಗೆ ಲಂಡನ್ನಿನಲ್ಲಿದ್ದಾಗ ಅವನ ಪತ್ರಗಳು ಬರುತ್ತಿದ್ದದ್ದು ಸೇಂಟ್ ಜೇಮ್ಸ್ ಕಾಫಿ ಹೌಸಿಗೆ.

ಮನುಷ್ಯನಿಗಾದರೆ ಇಷ್ಟು ಸಾಕು. ಕಂಪನಿಗೆ ಮೈಯೇ ಇಲ್ಲ, ಅದು ಮುಳುಗಿದರೆ ಸಾಲ ಕೊಟ್ಟವನು ಯಾರ ಬಾಗಿಲು ತಟ್ಟಬೇಕು? ಷೇರುದಾರರ ಹೊಣೆಗೆ ಮಿತಿ ಹಾಕಿದ ಬ್ರಿಟಿಷ್ ಕಾನೂನು ಒಂದು ಬಾಗಿಲನ್ನಾದರೂ ತೋರಿಸಿ ಎಂದಿತು. 1862ರ ಕಾಯ್ದೆಯ ಪ್ರಕಾರ ಕಂಪನಿಗೆ ನೋಂದಾಯಿತ ಕಚೇರಿ ಇರಲೇಬೇಕು, ಹೊರಗೆ ಎದ್ದು ಕಾಣುವ ಹಾಗೆ ಹೆಸರು ಬರೆಸಬೇಕು ಇಲ್ಲವೇ ಅಂಟಿಸಬೇಕು. ನಮ್ಮ 2013ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಹೆಚ್ಚುಕಡಿಮೆ ಅದೇ ಮಾತುಗಳಿವೆ. ಜೊತೆಗೆ, ಆ ಬರಹ ಸ್ಥಳೀಯ ಭಾಷೆಯ ಲಿಪಿಯಲ್ಲೂ ಇರಬೇಕು. ಹಾಗಾಗಿ ಬೆಂಗಳೂರಿನಲ್ಲಿ ಯಾರೂ ಕೂರದ ಆಫೀಸಿಗೂ ಕನ್ನಡದ ಬೋರ್ಡು ಬೇಕು!

ಆ ಬಾಗಿಲು ಬರೀ ಬೋರ್ಡಾದರೆ ಏನಾಗುತ್ತದೆಂದು ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಡಬಹುದು. ವಿಲ್ಮಿಂಗ್ಟನ್ನಿನ 1209, ನಾರ್ತ್ ಆರೆಂಜ್ ಸ್ಟ್ರೀಟಿನ ಒಂದಂತಸ್ತಿನ ಕಟ್ಟಡವೇ ಎರಡೂವರೆ ಲಕ್ಷಕ್ಕೂ ಹೆಚ್ಚು ಕಂಪನಿಗಳ ವಿಳಾಸವಾಗಿತ್ತು. ಇಂಥದ್ದರ ಭಯಕ್ಕೇ ಭಾರತ ಸರ್ಕಾರ 2019ರಲ್ಲಿ, 2017ರ ಕೊನೆಯೊಳಗೆ ನೋಂದಾಯಿಸಿದ್ದ ಕಂಪನಿಗಳಿಂದ ಕಚೇರಿಯ ಫೋಟೋ ಕೇಳಿತು. ಒಳಗಿನ ಚಿತ್ರದಲ್ಲಿ ಒಬ್ಬ ನಿರ್ದೇಶಕರಾದರೂ ಕಾಣಬೇಕಿತ್ತು. ಬ್ರಿಟನ್ ಕೂಡ 2024ರ ಮಾರ್ಚಿನಿಂದ ಪೋಸ್ಟ್ ಬಾಕ್ಸನ್ನು ನೋಂದಾಯಿತ ವಿಳಾಸವಾಗಿ ಒಪ್ಪುತ್ತಿಲ್ಲ.

ಆದರೂ ಬಾಡಿಗೆ ವಿಳಾಸವೆಂದರೆ ಮೋಸ ಎಂದುಬಿಡಲು ನನಗೆ ಮನಸ್ಸಿಲ್ಲ. ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವ ಹೆಣ್ಣುಮಗಳೊಬ್ಬಳು ಕಂಪನಿ ಮಾಡಿಕೊಂಡಳೆನ್ನಿ. ನೋಂದಾಯಿತ ವಿಳಾಸ ಸಾರ್ವಜನಿಕ ದಾಖಲೆ; ಜಗಳ ಕಾಯುವ ಗಿರಾಕಿಯೂ ಅದನ್ನು ಹುಡುಕಿ ಅವಳ ಅಡುಗೆಮನೆಯವರೆಗೆ ಬರಬಹುದು. 1862ರ ಕಾನೂನು ಕಾಪಾಡಲು ಹೊರಟದ್ದು ಸಾಲ ಕೊಟ್ಟವನನ್ನು. ಮನೆಯೇ ಕಾರ್ಖಾನೆಯಾದವಳ ಭಯ ಅದರ ಲೆಕ್ಕದಲ್ಲಿರಲಿಲ್ಲ. ಅವಳು ಬಾಡಿಗೆ ಕೊಟ್ಟು ಕೊಳ್ಳುವುದು ಒಂದು ಹೊಸ್ತಿಲಿನ ಅಂತರವನ್ನು. ನೋಟೀಸು ಬಂದರೆ ಅದು ಅವಳ ಕೈಸೇರುತ್ತದೋ ಇಲ್ಲವೋ ಎಂಬುದನ್ನು ರಿಜಿಸ್ಟ್ರಾರ್ ನೋಡಬೇಕೇ ಹೊರತು, ಅಲ್ಲಿ ಕುರ್ಚಿ ಎಷ್ಟಿವೆ ಎಂದಲ್ಲ.