ಬಯಲಾಟದಲ್ಲಿ ಪಾತ್ರರಚನೆ: ಕೃಷ್ಣಾ–ಘಟಪ್ರಭಾ ಸೀಮೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಹಾಗೂ ಅವಕ್ಕೆ ಹೊಂದಿಕೊಂಡ ಗೋಕಾಕ ಸೀಮೆಯಲ್ಲಿ ದೊಡ್ಡಾಟ, ಸಣ್ಣಾಟ ಮತ್ತು ಶ್ರೀಕೃಷ್ಣ ಪಾರಿಜಾತ ಎಂಬ ಮೂರು ಬಗೆಯ ಬಯಲಾಟಗಳು ಬೆಳೆದುಬಂದಿವೆ. ಇವುಗಳಲ್ಲಿ ಪಾತ್ರವನ್ನು ಕವಿ ಪೂರ್ತಿ ಬರೆದಿಡುವುದಿಲ್ಲ. ಕವಿ ಹಾಡು ಕೊಡುತ್ತಾನೆ, ಮಾಸ್ತರ ಚೌಕಟ್ಟು ಹಾಕುತ್ತಾನೆ, ಆಟಗಾರ ಮಾತು ತುಂಬುತ್ತಾನೆ. ಸಾರಥಿ ಅಥವಾ ಭಾಗವತ ಎದುರಿಗೆ ನಿಂತು ಪ್ರಶ್ನೆ ಹಾಕಿ ಆ ಪಾತ್ರದ ಒಳಗನ್ನು ಹೊರಗೆಳೆಯುತ್ತಾನೆ. ಹೀಗೆ ನಾಲ್ಕು ಕೈ ಸೇರಿ ಆಗುವ ಪಾತ್ರಕ್ಕೆ ಈ ಭಾಗದ ಜನ ಸೋಗು ಎನ್ನುತ್ತಾರೆ.

ಹಿನ್ನೆಲೆ

ಎಲ್ಲರಿಗೂ ಗೊತ್ತಿರುವ ಕಥೆಯೊಳಗೆ ಹೊಸ ವ್ಯಕ್ತಿಯನ್ನು ನಿಲ್ಲಿಸುವ ಕಲೆ ಈ ನೆಲಕ್ಕೆ ಹಳೆಯದು. 949ರಲ್ಲಿ ಹುಟ್ಟಿದ ರನ್ನಕವಿ ಮುಧೋಳದವನು, ಬಳೆಗಾರರ ಮನೆತನದವನು. ತನ್ನ ‘ಗದಾಯುದ್ಧ’ದಲ್ಲಿ ಅವನು ಭೀಮನಲ್ಲಿ ತನ್ನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಕಂಡ. ಸೋಲುವ ದುರ್ಯೋಧನನಿಗೂ ಛಲ, ದುಃಖ, ಘನತೆಗಳನ್ನು ಕೊಟ್ಟ. ಆ ಕಾವ್ಯದ ನಾಟಕಗುಣವನ್ನು ಗುರುತಿಸಿದ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ನಾಟಕವಾಗಿಯೇ ಅಳವಡಿಸಿದರು. ಬಯಲಾಟದ ಕವಿಗಳು ಸಭಾಕವಿಗಳಲ್ಲ. ಆದರೂ ಕಥೆ ಬದಲಿಸದೆ ಪಾತ್ರ ಬೆಳೆಸುವ ದಾರಿ ಅವರದ್ದೂ ಹೌದು.

ಆಟ ಕಟ್ಟುವುದು ಊರಿನ ಕೆಲಸ. ಕೃಷ್ಣಾ ದಂಡೆಯ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ವಂತಿಗೆ ಹಾಕಿ, ಶ್ರಮದಾನ ಮಾಡಿ ಬ್ಯಾರೇಜ್ ಕಟ್ಟಿದ್ದು ನಾಡಿಗೆಲ್ಲ ಗೊತ್ತು. ಈ ಸೀಮೆಯ ಹಳ್ಳಿಗಳಲ್ಲಿ ಬಯಲಾಟ ನಿಲ್ಲುವುದೂ ವಂತಿಗೆಯ ಮೇಲೆಯೇ. ಸುಗ್ಗಿ ಮುಗಿದ ಮೇಲೆ ಇಲ್ಲವೇ ಜಾತ್ರೆಯ ಹೊತ್ತಿಗೆ ಊರವರು ಹಣ ಕೂಡಿಸಿ, ಮಾಸ್ತರನನ್ನು ಕರೆಸಿ, ರಾತ್ರಿ ಹೊತ್ತು ತಾಲೀಮು ನಡೆಸುತ್ತಾರೆ.

ಸೋಗು ಕಟ್ಟುವ ಕ್ರಮ

ಪಾತ್ರ ಹಂಚುವವನು ಮಾಸ್ತರ. ದನಿ, ಎತ್ತರ, ಮೈಕಟ್ಟು, ಕುಣಿತದ ಹಿಡಿತ, ನೆನಪಿನ ಶಕ್ತಿ ಇವನ್ನೆಲ್ಲ ಅವನು ನೋಡುತ್ತಾನೆ. ಗಡಸು ದನಿಯವನಿಗೆ ರಾಕ್ಷಸ ಅಥವಾ ಭೀಮನ ಸೋಗು, ಕಂಠ ಇದ್ದವನಿಗೆ ಹಾಡು ಹೆಚ್ಚಿರುವ ಸೋಗು, ಸಮಯಕ್ಕೆ ಸರಿಯಾಗಿ ಮಾತು ಹೊಳೆಯುವವನಿಗೆ ಸಾರಥಿಯ ಸೋಗು. ಓದು ಬಾರದವರು ಮಾಸ್ತರನ ಬಾಯಿಂದ ಕೇಳಿಯೇ ಹಾಡನ್ನೂ ಅದರ ಮಟ್ಟನ್ನೂ ಕಲಿಯುತ್ತಾರೆ.

ಬಣ್ಣ ಮತ್ತು ಉಡುಪು ಪಾತ್ರದ ಅರ್ಧ ಪರಿಚಯ ಮಾಡಿಕೊಡುತ್ತವೆ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಹಳೆಯ ಬಣ್ಣಗಳು. ದೊಡ್ಡಾಟದ ರಾಜವೇಷಕ್ಕೆ ಕಿರೀಟ, ಭುಜಕೀರ್ತಿ, ಎದೆಹಾರ ಬೇಕೇ ಬೇಕು. ಆಟಗಾರ ಇನ್ನೂ ಬಾಯಿ ತೆರೆಯುವ ಮೊದಲೇ ಬಂದವನು ದೇವನೋ ದೈತ್ಯನೋ ಎಂಬುದು ಹಿಂದೆ ಕುಳಿತವರಿಗೂ ತಿಳಿಯುತ್ತದೆ.

ದೊಡ್ಡಾಟ: ಸಾರಥಿಯ ಪ್ರಶ್ನೆ

ದೊಡ್ಡಾಟದ ವಸ್ತು ಹೆಚ್ಚಾಗಿ ರಾಮಾಯಣ, ಮಹಾಭಾರತ, ಪುರಾಣಗಳದ್ದು. ಪ್ರತಿಯೊಂದು ಮುಖ್ಯ ಪಾತ್ರಕ್ಕೂ ಪ್ರವೇಶದ ಸಂಪ್ರದಾಯವಿದೆ. ಸೋಗು ಕುಣಿಯುತ್ತ ರಂಗಕ್ಕೆ ಬರುತ್ತದೆ. ಹಿಮ್ಮೇಳದ ಹಾಡು ನಿಂತ ಕೂಡಲೇ ಸಾರಥಿ ಅಡ್ಡ ಬಂದು ತಾವು ಯಾರು, ಯಾವ ದೇಶದವರು, ತಂದೆ ತಾಯಿ ಯಾರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರಧಾರಿ ಕೂಡಲೇ ಹೆಸರು ಹೇಳುವುದಿಲ್ಲ. ಮೊದಲು ತನ್ನ ಪಟ್ಟಣದ ವೈಭವ, ಆಮೇಲೆ ಕುಲ, ಬಿರುದು, ಗೆದ್ದ ಯುದ್ಧಗಳು, ಹೀಗೆ ಪ್ರಾಸಬದ್ಧ ಗದ್ಯದಲ್ಲಿ ಏರುತ್ತ ಹೋಗಿ ಕೊನೆಗೆ ಹೆಸರನ್ನು ಗಟ್ಟಿಯಾಗಿ ಕೂಗಿ ಹೆಜ್ಜೆ ಅಪ್ಪಳಿಸುತ್ತಾನೆ. ಭೀಮನ ಕಥೆ ಎಲ್ಲರಿಗೂ ಗೊತ್ತು. ಆದರೆ ಈ ಊರಿನ ಭೀಮ ಎಂಥವನು ಎಂಬುದು ನಿಶ್ಚಯವಾಗುವುದು ಆ ಉತ್ತರದಲ್ಲಿ.

ಸಾರಥಿ ಹಾಸ್ಯಗಾರನೂ ಹೌದು. ರಾಜ ಗ್ರಾಂಥಿಕ ಭಾಷೆಯಲ್ಲಿ ಮಾತಾಡಿದರೆ ಅವನು ಊರ ಮಾತಿನಲ್ಲಿ ಮರುಮಾತು ಕೊಡುತ್ತಾನೆ. ಸೋಗು ಮಾತು ಮರೆತು ತಡವರಿಸಿದರೆ ಪ್ರಶ್ನೆಯ ನೆಪದಲ್ಲೇ ಎಳೆ ಎತ್ತಿಕೊಡುತ್ತಾನೆ.

ಶ್ರೀಕೃಷ್ಣ ಪಾರಿಜಾತ

ಪಾತ್ರರಚನೆಯ ದೃಷ್ಟಿಯಿಂದ ಈ ಸೀಮೆಯ ದೊಡ್ಡ ಸಾಧನೆ ಪಾರಿಜಾತ. ಅಪರಾಳ ತಮ್ಮಣ್ಣನ ಮೂಲ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ 19ನೆಯ ಶತಮಾನದಲ್ಲಿ ಪರಿಷ್ಕರಿಸಿ ಆಟಕ್ಕೆ ಒಗ್ಗಿಸಿದ. ಪುರಾಣದ ಎಳೆ ಚಿಕ್ಕದು: ನಾರದ ತಂದ ಪಾರಿಜಾತ ಪುಷ್ಪ ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಅವಳನ್ನು ಒಲಿಸಿಕೊಳ್ಳಬೇಕಾಗುತ್ತದೆ. ಇಷ್ಟರ ಸುತ್ತ ಇಡೀ ರಾತ್ರಿ ತುಂಬುವಷ್ಟು ಆಟ ಬೆಳೆದದ್ದು ಗೊಲ್ಲತಿ, ದೂತಿ, ಕೊರವಂಜಿ, ಭಾಗವತ ಎಂಬ ಸೋಗುಗಳಿಂದ.

ಇವರಲ್ಲಿ ಗೊಲ್ಲತಿ ಹಾಲು-ಮೊಸರು ಮಾರುವ ಹೆಂಗಸು. ದೂತಿ ಸತ್ಯಭಾಮೆಯ ಸಖಿ, ಒಡತಿಯ ಸಿಟ್ಟನ್ನು ಹೊತ್ತು ತಿರುಗುವವಳು. ಕೊರವಂಜಿಯಾಗಿ ಬರುವವನು ಕೃಷ್ಣನೇ. ಆಗ ಪಾತ್ರಧಾರಿ ಕೃಷ್ಣನಾಗಿರಬೇಕು, ಕಣಿ ಹೇಳುವ ಹೆಂಗಸಾಗಿಯೂ ಕಾಣಬೇಕು. ಸತ್ಯಭಾಮೆಗೆ ಗುಟ್ಟು ಬಿಟ್ಟುಕೊಡದೆ ಪ್ರೇಕ್ಷಕರಿಗೆ ಮಾತ್ರ ಕೃಷ್ಣನ ತುಂಟತನ ಕಾಣಿಸಬೇಕು. ಒಂದು ಸೋಗಿನ ಮೇಲೆ ಇನ್ನೊಂದು ಸೋಗು ಹಾಕುವ ಈ ಭಾಗ ಕಸುಬು ಬಲ್ಲವರಿಗಷ್ಟೇ ದಕ್ಕುತ್ತದೆ.

ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳವಿರುವ ಪಾರಿಜಾತದ ಹಾಡುಗಾರಿಕೆ ಹಿಂದುಸ್ತಾನಿಗೆ ಹತ್ತಿರ. ಹಾಡು ಕವಿಯದ್ದು. ಹಾಡುಗಳ ನಡುವಿನ ಮಾತು, ಅದರಲ್ಲೂ ಭಾಗವತನ ಮಾತು, ಬಹುಪಾಲು ಆ ರಾತ್ರಿಯೇ ಹುಟ್ಟುವಂಥದ್ದು. ಮಳೆ ಕೈಕೊಟ್ಟಿದ್ದರೆ ಮಳೆ, ಊರಲ್ಲಿ ಚುನಾವಣೆ ನಡೆದಿದ್ದರೆ ಚುನಾವಣೆ ದ್ವಾರಕೆಯ ಮಾತಿನೊಳಗೆ ಬಂದುಬಿಡುತ್ತದೆ. ಹೀಗಾಗಿ ಸತ್ಯಭಾಮೆ ದೇವಲೋಕದ ಹೂವಿಗಾಗಿ ಮುನಿದರೂ ಅವಳ ಸವತಿಮತ್ಸರ ನೆರೆಮನೆಯ ಜಗಳದಂತೆ ಕೇಳಿಸುತ್ತದೆ.

ಸಣ್ಣಾಟ: ಕಿರೀಟವಿಲ್ಲದ ಪಾತ್ರಗಳು

ಸಣ್ಣಾಟ ದೇವರನ್ನು ಬಿಟ್ಟು ಊರ ಮನುಷ್ಯರನ್ನು ರಂಗಕ್ಕೆ ತಂದಿತು. ಬೈಲಹೊಂಗಲದಲ್ಲಿ ನಡೆದ ಕೊಲೆಯ ಘಟನೆಯಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ ಇದಕ್ಕೆ ಪ್ರಸಿದ್ಧ ನಿದರ್ಶನ. ಸಂಗ್ಯಾ, ಅವನ ಗೆಳೆಯ ಬಾಳ್ಯಾ, ಗಂಗಿ, ಅವಳ ಗಂಡ ಈರಣ್ಣ, ಮಧ್ಯಸ್ಥಿಕೆಯ ಪಾರಮ್ಮ ಯಾರೂ ಬಿರುದು ಹೇಳಿಕೊಂಡು ಬರುವವರಲ್ಲ. ಭುಜಕೀರ್ತಿಯ ಜಾಗಕ್ಕೆ ಧೋತರ, ರುಮಾಲು, ಇಳಕಲ್ಲ ಸೀರೆ ಬಂದವು. ಒಳಿತು ಕೆಡುಕುಗಳನ್ನು ಬಣ್ಣ ನೋಡಿ ಹೇಳುವುದು ಸಾಧ್ಯವಾಗಲಿಲ್ಲ, ನಡತೆ ನೋಡಿಯೇ ಹೇಳಬೇಕಾಯಿತು.

ಹೆಣ್ಣು ಪಾತ್ರ

ಹೆಣ್ಣು ಸೋಗನ್ನು ಗಂಡಸರು ಹಾಕುವುದು ಹಳೆಯ ರೂಢಿ. ಪಾರಿಜಾತದಲ್ಲಿ ಕಲಾವಿದೆಯರು ರಂಗಕ್ಕೆ ಬಂದರು. ಕೌಜಲಗಿ ನಿಂಗಮ್ಮ ಅವರಲ್ಲಿ ಹೆಸರಾಂತವರು. ಇದೇ ಸೀಮೆಯ ಬೀಳಗಿಯಿಂದ ಹೋದ ಸಹೋದರಿಯರಲ್ಲಿ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರರಂಗದ ಗಾಯಕಿಯಾದರು. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಮಂಡಳಿ ಸೇರಿ ನಾಯಕಿಯಾದರು. ಸ್ತ್ರೀಪಾತ್ರಕ್ಕೆ ಗಂಡಸೊಬ್ಬನೇ ಮಾದರಿಯಾಗಿದ್ದ ಮಂಡಳಿಯಲ್ಲಿ ಹೆಣ್ಣೇ ಹೆಣ್ಣಿನ ಪಾತ್ರ ವಹಿಸಿದ್ದು ಆ ಕಾಲಕ್ಕೆ ಸಣ್ಣ ಬದಲಾವಣೆಯಲ್ಲ.

ಆಧುನಿಕ ರಂಗಭೂಮಿ ಮತ್ತು ಮೇಜಿನ ಆಟ

ಗಿರೀಶ ಕಾರ್ನಾಡರ ‘ಹಯವದನ’ (1971) ಭಾಗವತನನ್ನೂ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ಬಯಲಾಟದ ಕಟ್ಟನ್ನೂ ನಗರದ ರಂಗಕ್ಕೆ ತಂದವು. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರಿಗೆ ಇದು ಬಾಲ್ಯದಿಂದ ಕಂಡ ಆಟವೇ.

ಇದೇ ದಶಕದಲ್ಲಿ, 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು ಕಲ್ಪಿತ ಲೋಕದ ಪಾತ್ರವಾಗಿ ಆಡುವ ಆಟಗಳಿಗೆ ಅದು ಮೂಲ. ಅದರ ಮೂಲ ನಿಯಮದಂತೆ ಆಟದ ನಿರ್ವಾಹಕ ಮೂರು ದಾಳ ಉರುಳಿಸಿ ಪ್ರತಿ ಆಟಗಾರನ ಪಾತ್ರಕ್ಕೆ ಶಕ್ತಿ, ಬುದ್ಧಿ, ವಿವೇಕ, ತ್ರಾಣ, ಚುರುಕು, ಆಕರ್ಷಣೆ ಎಂಬ ಆರು ಗುಣಗಳ ಅಂಕ ಕೊಡುತ್ತಿದ್ದ. ಆಮೇಲೆ ಆಟಗಾರ ಯೋಧ, ಮಾಂತ್ರಿಕ, ಪುರೋಹಿತ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದ. ಕಥೆ ನಡೆಸಿ ಪ್ರಶ್ನೆ ಹಾಕುವ ನಿರ್ವಾಹಕನ ಕೆಲಸ ಭಾಗವತನ ಕೆಲಸಕ್ಕೆ ಹತ್ತಿರದ್ದು. ಮಾತು ಪೂರ್ವಲಿಖಿತವಲ್ಲ ಎಂಬುದೂ ಎರಡಕ್ಕೂ ಸಮಾನ. ಆದರೆ ಮೇಜಿನ ಆಟದಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ, ಆಡುವವರೇ ನೋಡುವವರು. ಬಯಲಾಟದಲ್ಲಿ ಕೊನೆ ಎಲ್ಲರಿಗೂ ಗೊತ್ತು, ನೋಡುವುದು ಇಡೀ ಊರು. ಅಲ್ಲಿ ಗುಣವನ್ನು ದಾಳ ನಿರ್ಧರಿಸಿದರೆ ಇಲ್ಲಿ ಮಾಸ್ತರನ ಕಣ್ಣು ನಿರ್ಧರಿಸುತ್ತದೆ.

ಇಂದಿನ ಸ್ಥಿತಿ

ಕರ್ನಾಟಕ ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲಿದೆ. ಅಹೋರಾತ್ರಿ ಆಟಗಳ ಜೊತೆಗೆ ವೇದಿಕೆಗೆ ಹೊಂದುವ ಒಂದೆರಡು ತಾಸಿನ ಪ್ರಯೋಗಗಳೂ ನಡೆಯುತ್ತವೆ. ಆಟ ಮೊಟಕಾದಾಗ ಮೊದಲು ಕತ್ತರಿ ಬೀಳುವುದು ಭಾಗವತ-ದೂತಿಯರ ಮಾತಿಗೆ, ಸೋಗಿನ ದೀರ್ಘ ಪ್ರವೇಶಕ್ಕೆ. ಪಾತ್ರ ಹುಟ್ಟುವುದು ಅಲ್ಲೇ. ಹಾಡು ಪುಸ್ತಕದಲ್ಲಿ ಉಳಿಯುತ್ತದೆ, ಆಶುಮಾತು ಆಡಿದವರ ಜೊತೆಗೇ ಹೋಗುತ್ತದೆ. ಆದ್ದರಿಂದ ಬಯಲಾಟವನ್ನು ದಾಖಲಿಸುವವರು ಹಾಡುಗಳಷ್ಟಕ್ಕೇ ನಿಲ್ಲದೆ ಹಿರಿಯ ಭಾಗವತರ, ಸಾರಥಿಗಳ ಇಡೀ ರಾತ್ರಿಯ ಮಾತನ್ನೂ ಧ್ವನಿ ಮುದ್ರಿಸಿಕೊಳ್ಳುವುದು ಅಗತ್ಯ.